ಪ್ರಸ್ತಾರ: ಗುರು-ಲಘುಗಳ ಮರೆತ ಲೆಕ್ಕ

ಹಳಗನ್ನಡದ ಒಂದು ಪದ್ಯವನ್ನು ಕೊಟ್ಟು, ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ ಎಂದು ಕೇಳುವ ಪ್ರಶ್ನೆ ಪ್ರೌಢಶಾಲೆಯ ಕನ್ನಡ ಪರೀಕ್ಷೆಗೆ ಹೊಸದಲ್ಲ. ಶ್ರೀರಂಗಪಟ್ಟಣದ ಶಾಲೆಯಿರಲಿ, ನಾಗಮಂಗಲದ್ದಿರಲಿ, ವಿದ್ಯಾರ್ಥಿ ಮಾಡುವುದು ಒಂದೇ ಕೆಲಸ. ಅಕ್ಷರಗಳ ನೆತ್ತಿಯ ಮೇಲೆ ಗುರುವಿಗೊಂದು ಅಡ್ಡಗೆರೆ, ಲಘುವಿಗೊಂದು ಬಟ್ಟಲಿನಂಥ ಗುರುತು ಹಾಕುತ್ತಾ ಹೋಗುತ್ತಾನೆ. ಮೂರು ಮೂರು ಅಕ್ಷರಗಳಿಗೊಮ್ಮೆ ಗೆರೆ ಎಳೆದು ಗಣದ ಹೆಸರು ಬರೆದರೆ ಅಂಕ ಸಿಕ್ಕಿತು. ಪ್ರಸ್ತಾರವೆಂದರೆ ಇಷ್ಟೇ ಎಂದು ತಿಳಿದು ಆತ ಮುಂದಿನ ತರಗತಿಗೆ ಹೋಗುತ್ತಾನೆ.

ಆದರೆ ಛಂದಶ್ಶಾಸ್ತ್ರದಲ್ಲಿ ಪ್ರಸ್ತಾರ ಎಂಬ ಮಾತಿಗಿದ್ದ ಅರ್ಥವೇ ಬೇರೆ. ಪ್ರಸ್ತಾರವೆಂದರೆ ಹರಡುವುದು, ಹಾಸುವುದು. ಇಷ್ಟು ಅಕ್ಷರಗಳ ಸಾಲಿನಲ್ಲಿ ಗುರು-ಲಘುಗಳು ಎಷ್ಟು ಬಗೆಯಲ್ಲಿ ಬರಬಹುದೋ ಅಷ್ಟನ್ನೂ, ಒಂದೂ ಬಿಡದಂತೆ, ಒಂದೂ ಎರಡು ಸಲ ಬಾರದಂತೆ ಕ್ರಮವಾಗಿ ಬರೆದಿಡುವ ವಿಧಾನ ಅದು. ಹಾಗೆ ಬರೆದಾಗ ಪ್ರತಿಯೊಂದು ವೃತ್ತಕ್ಕೂ ಒಂದು ಕ್ರಮಸಂಖ್ಯೆ ಬರುತ್ತದೆ. ಕನ್ನಡ ಚಂಪೂ ಕವಿಗಳಿಗೆ ಪ್ರಿಯವಾದ ಉತ್ಪಲಮಾಲೆಯ ಸಂಖ್ಯೆ 3,55,799. ಈ ಅಂಕೆ ಎಲ್ಲಿಂದ ಬಂತು? ಅದನ್ನು ಹುಡುಕಿ ಹೊರಟರೆ ಕನ್ನಡ ಛಂದಸ್ಸಿನ ಒಳಮನೆಯಲ್ಲಿ ಕುಳಿತಿರುವ ಒಂದು ಗಣಿತ ಕಾಣಿಸುತ್ತದೆ. ಇಂದು ಗಣಕಯಂತ್ರದ ಪಾಠದಲ್ಲಿ ಎರಡಂಕಿಯ ಪದ್ಧತಿ ಅಥವಾ ದ್ವಿಮಾನ ಪದ್ಧತಿ ಎಂದು ಕಲಿಸುವುದರ ಹತ್ತಿರದ ನೆಂಟ ಅದು.

ಎಂಟು ಗಣಗಳ ಹುಟ್ಟು

ಮೂರಕ್ಷರದ ಗಣಗಳಿಂದಲೇ ಆರಂಭಿಸಬಹುದು. ಗುರುವಿಗೆ 'ಗ', ಲಘುವಿಗೆ 'ಲ' ಎಂದು ಬರೆದುಕೊಳ್ಳೋಣ. ಮೊದಲ ಸಾಲಿನಲ್ಲಿ ಎಲ್ಲವೂ ಗುರು. ಮುಂದಿನ ಸಾಲಿಗೆ ನಿಯಮ ಹೀಗಿದೆ: ಮೇಲಿನ ಸಾಲಿನಲ್ಲಿ ಎಡದಿಂದ ಮೊದಲು ಸಿಗುವ ಗುರುವಿನ ಕೆಳಗೆ ಲಘು ಬರೆಯಬೇಕು. ಅದರ ಬಲಕ್ಕಿರುವುದನ್ನು ಮೇಲಿದ್ದಂತೆಯೇ ಇಳಿಸಬೇಕು. ಎಡಕ್ಕೆ ಉಳಿದ ಜಾಗಗಳನ್ನು ಗುರುವಿನಿಂದ ತುಂಬಬೇಕು. ಎಲ್ಲವೂ ಲಘುವಾದಾಗ ಪ್ರಸ್ತಾರ ಮುಗಿಯಿತು.

1. ಗಗಗ – ಮಗಣ
2. ಲಗಗ – ಯಗಣ
3. ಗಲಗ – ರಗಣ
4. ಲಲಗ – ಸಗಣ
5. ಗಗಲ – ತಗಣ
6. ಲಗಲ – ಜಗಣ
7. ಗಲಲ – ಭಗಣ
8. ಲಲಲ – ನಗಣ

ಮ, ಯ, ರ, ಸ, ತ, ಜ, ಭ, ನ ಎಂಬ ಈ ಅನುಕ್ರಮ ಯಾರೋ ಮನಸ್ಸಿಗೆ ಬಂದಂತೆ ಜೋಡಿಸಿದ್ದಲ್ಲ. ಛಂದಃಸೂತ್ರಗಳ ಕರ್ತೃ ಪಿಂಗಳನ ಕಾಲದಿಂದ ಬಂದ ಪ್ರಸ್ತಾರಕ್ರಮವೇ ಇದು. ಪಿಂಗಳನ ಕಾಲವನ್ನು ವಿದ್ವಾಂಸರು ಸಾಮಾನ್ಯವಾಗಿ ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ ಇಡುತ್ತಾರೆ. ಒಂದಕ್ಷರಕ್ಕೆ ಎರಡು ಸಾಧ್ಯತೆ, ಎರಡಕ್ಕೆ ನಾಲ್ಕು, ಮೂರಕ್ಕೆ ಎಂಟು. ಹೀಗೆ ಅಕ್ಷರ ಒಂದು ಹೆಚ್ಚಿದಂತೆಲ್ಲ ಸಂಖ್ಯೆ ಇಮ್ಮಡಿಯಾಗುತ್ತದೆ. ಉತ್ಪಲಮಾಲೆಯ ಪಾದಕ್ಕೆ 20 ಅಕ್ಷರ. ಅಂಥ ಸಾಲುಗಳು ಒಟ್ಟು 10,48,576.

ಇಷ್ಟೂ ಸಾಲುಗಳನ್ನು ಬರೆದು ಉತ್ಪಲಮಾಲೆಯನ್ನು ಹುಡುಕಬೇಕೆ? ಬೇಕಿಲ್ಲ. ಅದಕ್ಕೆ 'ಉದ್ದಿಷ್ಟ' ಎಂಬ ಉಪಾಯವಿದೆ. ಅಕ್ಷರಗಳ ಮೇಲೆ ಎಡದಿಂದ 1, 2, 4, 8 ಎಂದು ಇಮ್ಮಡಿಸುತ್ತಾ ಬರೆದು, ಲಘುಗಳ ಮೇಲಿರುವ ಅಂಕೆಗಳನ್ನು ಮಾತ್ರ ಕೂಡಿ, ಒಂದನ್ನು ಸೇರಿಸಿದರೆ ಸಾಲಿನ ಸಂಖ್ಯೆ ಸಿಗುತ್ತದೆ. ಜಗಣಕ್ಕೆ 1 ಮತ್ತು 4 ಕೂಡಿ 5, ಅದಕ್ಕೊಂದು ಸೇರಿ 6. ಉತ್ಪಲಮಾಲೆಯ ಗಣಗಳು ಭ, ರ, ನ, ಭ, ಭ, ರ ಮತ್ತು ಕೊನೆಗೆ ಒಂದು ಲಘು, ಒಂದು ಗುರು. ಅಲ್ಲಿನ ಹನ್ನೆರಡು ಲಘುಗಳ ಅಂಕೆಗಳನ್ನು ಕೂಡಿದರೆ 3,55,798. ಒಂದು ಸೇರಿಸಿದರೆ 3,55,799.

ಇದರ ತಿರುಗುಮುರುಗು ಉಪಾಯ 'ನಷ್ಟ'. ಸಾಲಿನ ಸಂಖ್ಯೆ ಮಾತ್ರ ಗೊತ್ತಿದ್ದು ರೂಪ ಕಳೆದುಹೋಗಿದ್ದರೆ ಅದನ್ನು ಮರಳಿ ಪಡೆಯುವುದು ಹೀಗೆ: ಸಂಖ್ಯೆ ಸಮವಾಗಿದ್ದರೆ ಅರ್ಧ ಮಾಡಿ ಲಘು ಬರೆಯಬೇಕು, ಬೆಸವಾಗಿದ್ದರೆ ಒಂದು ಕೂಡಿ ಅರ್ಧ ಮಾಡಿ ಗುರು ಬರೆಯಬೇಕು. ಆರನ್ನು ಹಿಡಿದು ನೋಡಿದರೆ, ಆರು ಸಮ, ಲಘು. ಉಳಿದ ಮೂರು ಬೆಸ, ಗುರು. ಒಂದು ಕೂಡಿ ಅರ್ಧ ಮಾಡಿದರೆ ಎರಡು, ಮತ್ತೆ ಲಘು. ಜಗಣ ಸಿಕ್ಕಿತು.

ಅಂಕೆಗಳ ಮರುಜೋಡಣೆ

ಪ್ರಸ್ತಾರದಲ್ಲಿ ಒಂದು ವಿಶೇಷವಿದೆ. ಇಲ್ಲಿ ಬೇಗ ಬೇಗ ಬದಲಾಗುವುದು ಎಡತುದಿಯ ಅಕ್ಷರ. ಆದರೆ ನಾವು ಅಂಕೆಗಳನ್ನು ಬರೆಯುವಾಗ ಬಿಡಿಸ್ಥಾನ ಬಲತುದಿಯಲ್ಲಿರುತ್ತದೆ. ಹಾಗಾದರೆ ಪ್ರಸ್ತಾರದ ಸಾಲುಗಳನ್ನು ಹಿಂದಿನಿಂದ ಮುಂದಕ್ಕೆ ಓದಿದರೆ ಏನಾಗುತ್ತದೆ? ಯಗಣವನ್ನು ತಿರುಗಿಸಿದರೆ ತಗಣ. ಸಗಣವನ್ನು ತಿರುಗಿಸಿದರೆ ಭಗಣ. ಮ, ರ, ಜ, ನ ಗಣಗಳು ಎತ್ತಲಿಂದ ಓದಿದರೂ ಅವೇ. ಆಗ ಸಾಲುಗಳ ಸಂಖ್ಯೆ 1, 5, 3, 7, 2, 6, 4, 8 ಎಂದಾಗುತ್ತದೆ. 20 ಅಕ್ಷರದ ಉತ್ಪಲಮಾಲೆಯನ್ನು ಹೀಗೆ ತಿರುಗಿಸಿದರೆ 3,55,799ರ ಬದಲು 4,41,195ನೆಯ ಸಾಲು ಸಿಗುತ್ತದೆ.

ಇದು ಬರೀ ಆಟವಲ್ಲ. ಧ್ವನಿ, ಚಿತ್ರ ಮೊದಲಾದವುಗಳನ್ನು ಗಣಕಯಂತ್ರ ಬಿಡಿಸಿ ನೋಡಲು ಬಳಸುವ ಒಂದು ಶೀಘ್ರ ಲೆಕ್ಕವನ್ನು ಅಮೆರಿಕದ ಕೂಲಿ ಮತ್ತು ಟ್ಯೂಕಿ 1965ರಲ್ಲಿ ಪ್ರಕಟಿಸಿದರು. ಎಂಟು ಅಂಕಗಳನ್ನು ಅದಕ್ಕೆ ಒಪ್ಪಿಸುವಾಗ ಸಾಮಾನ್ಯವಾಗಿ ಬೇಕಾಗುವ ಮರುಜೋಡಣೆ ಇದೇ: ಒಂದು, ಐದು, ಮೂರು, ಏಳು, ಎರಡು, ಆರು, ನಾಲ್ಕು, ಎಂಟು.

ಶಾಲಾ ಮಕ್ಕಳೆಲ್ಲ ಉರುಹೊಡೆಯುವ 'ಯಮಾತಾರಾಜಭಾನಸಲಗಂ' ಸೂತ್ರದಲ್ಲಿ ಇನ್ನೊಂದು ಬಗೆಯ ಜೋಡಣೆ ಅಡಗಿದೆ. ಯಮಾತಾ ಎಂಬ ಮೂರಕ್ಷರ ಯಗಣ. ಒಂದಕ್ಷರ ಮುಂದೆ ಸರಿದು ಮಾತಾರಾ ಎಂದರೆ ಮಗಣ. ಮತ್ತೊಂದು ಸರಿದು ತಾರಾಜ ಎಂದರೆ ತಗಣ. ಹೀಗೆ ಹತ್ತೇ ಅಕ್ಷರಗಳಲ್ಲಿ ಎಂಟೂ ಗಣಗಳು ಒಂದೊಂದು ಸಲ ಬಂದುಹೋಗುತ್ತವೆ. ಪ್ರಸ್ತಾರದ ಸಂಖ್ಯೆಯಲ್ಲಿ ಹೇಳುವುದಾದರೆ ಅದು 2, 1, 5, 3, 6, 7, 8, 4. ಕೊನೆಯ ಲ ಮತ್ತು ಗಂ, ಮೊದಲಿನ ಯ ಮತ್ತು ಮಾ ಎರಡೂ ಲಘು-ಗುರುಗಳೇ ಆದ್ದರಿಂದ ತುದಿ ಸೇರಿಸಿ ಬಳೆ ಮಾಡಿದರೆ ಎಂಟಕ್ಷರವೇ ಸಾಕು. ಇಂಥ ಬಳೆಗಳನ್ನು ಇಂದಿನ ಗಣಿತಜ್ಞರು ಡಚ್ ಗಣಿತಜ್ಞ ಡಿ ಬ್ರೌನ್ ಹೆಸರಿನಿಂದ ಕರೆಯುತ್ತಾರೆ. ಆತನ ಲೇಖನ ಪ್ರಕಟವಾದದ್ದು 1946ರಲ್ಲಿ.

ಮಾನ್ಯಖೇಟದಿಂದ ನಾಗವರ್ಮನವರೆಗೆ

ಈ ವಿದ್ಯೆ ಕನ್ನಡ ನಾಡಿನಲ್ಲಿ ಚೆನ್ನಾಗಿಯೇ ಬೆಳೆಯಿತು. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ವನ್ನು ಬರೆದ. ಬಡ್ಡಿ, ಪಾಲು, ಬೆರಕೆಯ ಲೆಕ್ಕಗಳಿರುವ ಮಿಶ್ರಕ ವ್ಯವಹಾರದ ಕೊನೆಯಲ್ಲಿ ಆತ ಛಂದಸ್ಸಿನ ಲೆಕ್ಕಗಳನ್ನೂ ಸೇರಿಸಿದ್ದಾನೆ. ವ್ಯಾಪಾರಿಯ ಲೆಕ್ಕ, ಕವಿಯ ಲೆಕ್ಕ ಎರಡೂ ಒಂದೇ ಪುಸ್ತಕದಲ್ಲಿ ಅಕ್ಕಪಕ್ಕ ಕುಳಿತಿವೆ! ಈ ಗ್ರಂಥವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದರು. ಕನ್ನಡ ಅನುವಾದವೂ 2000ದಲ್ಲಿ ಹೊಂಬುಜದಿಂದ ಹೊರಬಂದಿದೆ.

ಪ್ರಸ್ತಾರ, ನಷ್ಟ, ಉದ್ದಿಷ್ಟಗಳ ಜೊತೆಗೆ ಇನ್ನೂ ಮೂರು ಲೆಕ್ಕಗಳಿವೆ. ಇಷ್ಟೇ ಲಘುಗಳಿರುವ ಸಾಲು ಎಷ್ಟು ಎಂದು ಹೇಳುವುದು ಲಗಕ್ರಿಯೆ. ಒಟ್ಟು ಸಾಲು ಎಷ್ಟು ಎನ್ನುವುದು ಸಂಖ್ಯೆ. ಅಷ್ಟನ್ನೂ ಬರೆಯಲು ಎಷ್ಟು ಜಾಗ ಬೇಕು ಎನ್ನುವುದು ಅಧ್ವ. ಅಧ್ವ ಎಂದರೆ ದಾರಿ. ಸಾಲಿಗೊಂದು ಅಂಗುಲ, ಸಾಲುಗಳ ನಡುವೆ ಒಂದು ಅಂಗುಲ ಬಿಡುವು ಎಂದು ಇದರ ಲೆಕ್ಕ. ಎಂಟು ಗಣಗಳಿಗೆ 15 ಅಂಗುಲ ಸಾಕು. 20 ಅಕ್ಷರದ ಪ್ರಸ್ತಾರಕ್ಕೆ ಬೇಕಾಗುವುದು 20,97,151 ಅಂಗುಲ. ಅಂಗುಲವೆಂದರೆ ಹೆಚ್ಚುಕಡಿಮೆ ಎರಡು ಸೆಂಟಿಮೀಟರಿಗೆ ತುಸು ಕಡಿಮೆ ಎಂದಿಟ್ಟುಕೊಂಡರೆ ಇದು ಸುಮಾರು 40 ಕಿಲೋಮೀಟರ್. ಶ್ರೀರಂಗಪಟ್ಟಣದ ಕೋಟೆಯ ಬಾಗಿಲಲ್ಲಿ ಓಲೆ ಬಿಚ್ಚಲು ತೊಡಗಿದರೆ ಪಾಂಡವಪುರ ದಾಟಿ, ಮೇಲುಕೋಟೆಯನ್ನೂ ಹಿಂದೆ ಹಾಕಿ ಮುಂದೆ ಹೋಗಬೇಕಾದೀತು. ಬರೆದು ಮುಗಿಸಲಾಗದ್ದನ್ನು ಬರೆಯದೆಯೇ ತಿಳಿಯುವ ಜಾಣತನವೇ ಈ ಆರು ಲೆಕ್ಕಗಳ ಗುಟ್ಟು. ಶಾಸ್ತ್ರದಲ್ಲಿ ಇವುಗಳಿಗೆ ಷಟ್ಪ್ರತ್ಯಯ ಎಂದು ಹೆಸರು.

ಹತ್ತನೆಯ ಶತಮಾನದ ಕೊನೆಯಲ್ಲಿ ಒಂದನೆಯ ನಾಗವರ್ಮ 'ಛಂದೋಂಬುಧಿ' ಬರೆದ. ಕನ್ನಡ ಛಂದಸ್ಸಿಗೆಂದೇ ಹುಟ್ಟಿ ನಮಗೆ ಉಳಿದಿರುವ ಮೊದಲ ಶಾಸ್ತ್ರಗ್ರಂಥ ಅದು. ಹೆಂಡತಿಯನ್ನು ಉದ್ದೇಶಿಸಿ ಪಾಠ ಹೇಳುವ ರೀತಿಯಲ್ಲಿದೆ. ಜರ್ಮನಿಯ ಪಾದ್ರಿ ಫರ್ಡಿನಾಂಡ್ ಕಿಟ್ಟೆಲ್ ಅದನ್ನು ಸಂಪಾದಿಸಿ 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ.

ಕನ್ನಡದ ಕಿವಿ

ನಾಗವರ್ಮ ಸಂಸ್ಕೃತದ ವೃತ್ತಗಳನ್ನು ವಿವರಿಸಿ ಸುಮ್ಮನಾಗಿದ್ದರೆ ಈ ಕಥೆಯಲ್ಲಿ ಕನ್ನಡದ್ದೆಂಬುದು ಹೆಚ್ಚೇನೂ ಇರುತ್ತಿರಲಿಲ್ಲ. ಆತ ತ್ರಿಪದಿ, ಅಕ್ಕರ, ಏಳೆ ಮೊದಲಾದ ದೇಸಿ ಮಟ್ಟುಗಳನ್ನೂ ಶಾಸ್ತ್ರಕ್ಕೆ ಒಳಪಡಿಸಿದ. ಅವುಗಳಿಗೆ ಬ್ರಹ್ಮ, ವಿಷ್ಣು, ರುದ್ರ ಎಂಬ ಗಣಗಳಿವೆ. ಇಂದಿನ ವಿದ್ವಾಂಸರು ಇವನ್ನು ಅಂಶಗಣ ಎನ್ನುತ್ತಾರೆ. ಬ್ರಹ್ಮಗಣ 4, ವಿಷ್ಣುಗಣ 8, ರುದ್ರಗಣ 16 ಎಂದು ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ. ಆದರೆ ನಾಲ್ಕು, ಎಂಟು, ಹದಿನಾರೇ ಏಕೆ?

ಉತ್ತರ ಪ್ರಸ್ತಾರದಲ್ಲಿದೆ. ಬ್ರಹ್ಮಗಣಕ್ಕೆ ಎರಡು ಅಂಶ, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು. ಪ್ರತಿ ಅಂಶಕ್ಕೂ ಎರಡೆರಡು ಸಾಧ್ಯತೆ. ಆದ್ದರಿಂದ ಸಂಖ್ಯೆ ಇಮ್ಮಡಿಯಾಗುತ್ತಾ ಹೋಗುತ್ತದೆ. ಇಲ್ಲಿಯವರೆಗೆ ಸಂಸ್ಕೃತದ ಲೆಕ್ಕವೇ. ಆದರೆ ಕನ್ನಡ ಒಂದೇ ಒಂದು ಬದಲಾವಣೆ ಮಾಡಿಕೊಂಡಿತು. ಮೊದಲ ಅಂಶದಲ್ಲಿ ಗುರು ಬಾರದಿದ್ದರೆ ಅದರ ಜಾಗದಲ್ಲಿ ಒಂದು ಲಘು ಸಾಲದು, ಎರಡು ಲಘು ಬರಬೇಕು. ಹೀಗಾಗಿ ವಿಷ್ಣುಗಣದ ಎಂಟು ರೂಪಗಳು: ಗಗಗ, ಲಲಗಗ, ಗಲಗ, ಲಲಲಗ, ಗಗಲ, ಲಲಗಲ, ಗಲಲ, ಲಲಲಲ. ಮೇಲೆ ಕೊಟ್ಟ ಎಂಟು ಗಣಗಳ ಪಟ್ಟಿಯ ಪಕ್ಕದಲ್ಲಿ ಇದನ್ನಿಟ್ಟು ನೋಡಿದರೆ ಸಾಲಿಗೆ ಸಾಲು ಹೊಂದುತ್ತದೆ. ಲಘುವಿನಿಂದ ಆರಂಭವಾಗುವ ಸಾಲುಗಳಲ್ಲಿ ಮಾತ್ರ ಒಂದು ಲಘು ಹೆಚ್ಚು.

ಈ ಸಣ್ಣ ತಿದ್ದುಪಡಿಯ ಪರಿಣಾಮ ದೊಡ್ಡದು. ಇದರಿಂದಾಗಿ ಯಾವ ಅಂಶಗಣವೂ ಲಘುವಿನ ಬೆನ್ನಿಗೆ ಗುರು ಬರುವಂತೆ ಆರಂಭವಾಗುವುದಿಲ್ಲ. ಅಂಥ ಎಡವುನಡೆ ಕನ್ನಡದ ಹಾಡಿಗೆ ಒಗ್ಗದು. ಮುಂದೆ ರಗಳೆ, ಷಟ್ಪದಿಗಳು ಮಾತ್ರಾಗಣಗಳನ್ನು ಹಿಡಿದಾಗಲೂ ಈ ನಿಷೇಧ ಉಳಿಯಿತು. ಮಾತ್ರೆಯ ಲೆಕ್ಕದಲ್ಲಿ ಲಘು ಒಂದು, ಗುರು ಎರಡು. ಮೂರು ಮಾತ್ರೆಯ ಗಣಗಳು 3, ನಾಲ್ಕರವು 5, ಐದರವು 8. ಹಿಂದಿನ ಎರಡನ್ನು ಕೂಡಿದರೆ ಮುಂದಿನದು ಬರುವ ಈ ಸಾಲನ್ನು ವಿರಹಾಂಕ, ಹೇಮಚಂದ್ರ ಮೊದಲಾದ ಛಂದಸ್ಸಿನ ಪಂಡಿತರು ಬಲ್ಲವರಾಗಿದ್ದರು. ಯೂರೋಪಿನಲ್ಲಿ ಅದು 1202ರ ಗ್ರಂಥದಿಂದಾಗಿ ಫಿಬೊನಾಚಿಯ ಹೆಸರು ಪಡೆಯಿತು. ಕನ್ನಡದ ಕಿವಿ ಒಪ್ಪದ ಲಘು-ಗುರು ಆರಂಭದ ಗಣಗಳನ್ನು ತೆಗೆದುಹಾಕಿದರೆ ಉಳಿಯುವುದು ಕ್ರಮವಾಗಿ 2, 4, 6.

ಮೊದಲ ಗುರುವನ್ನು ಒಡೆದು ಎರಡು ಲಘು ಮಾಡುವ ಈ ರೂಢಿ ಸಂಸ್ಕೃತದ ಕಡೆಯಿಂದ ಬಂದ ವೃತ್ತಗಳಲ್ಲೂ ಕಾಣುತ್ತದೆ. ಕನ್ನಡದಲ್ಲಿ 'ಖ್ಯಾತ ಕರ್ನಾಟಕ' ಎಂದು ಹೆಸರಾದ ವೃತ್ತಗಳು ಆರು. ಅವು ಮೂರು ಜೋಡಿಗಳು. ಉತ್ಪಲಮಾಲೆಯ ಮೊದಲ ಗುರುವನ್ನು ಒಡೆದರೆ ಚಂಪಕಮಾಲೆ. ಶಾರ್ದೂಲವಿಕ್ರೀಡಿತದ ಮೊದಲ ಗುರುವನ್ನು ಒಡೆದರೆ ಮತ್ತೇಭವಿಕ್ರೀಡಿತ. ಸ್ರಗ್ಧರೆಯದನ್ನು ಒಡೆದರೆ ಮಹಾಸ್ರಗ್ಧರೆ. ಪ್ರಸ್ತಾರದ ಸಂಖ್ಯೆಯಲ್ಲೂ ಇದಕ್ಕೊಂದು ಸರಳ ಸೂತ್ರ ಸಿಗುತ್ತದೆ: ಮೂಲ ವೃತ್ತದ ಸಂಖ್ಯೆಯನ್ನು ಇಮ್ಮಡಿಸಿ ಎರಡು ಕೂಡಿದರೆ ಜೋಡಿಯ ಸಂಖ್ಯೆ. ಉತ್ಪಲಮಾಲೆ 3,55,799 ಆದ್ದರಿಂದ 21 ಅಕ್ಷರದ ಚಂಪಕಮಾಲೆ 7,11,600.

ನಾಲ್ಕು ತಾಲ್ಲೂಕುಗಳ ನಂಟು

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಸುತ್ತಾಡಿದರೂ ಈ ಲೆಕ್ಕದ ಉದ್ದಗಲ ಕಾಣುತ್ತದೆ. ಮೈಸೂರು ಅರಸರ ರಾಜಧಾನಿಯಾಗಿದ್ದ ಶ್ರೀರಂಗಪಟ್ಟಣದಲ್ಲಿ ರಣಧೀರ ಕಂಠೀರವ ನರಸರಾಜನ ಆಸ್ಥಾನದ ಗೋವಿಂದವೈದ್ಯ 1648ರಲ್ಲಿ 'ಕಂಠೀರವ ನರಸರಾಜ ವಿಜಯ' ರಚಿಸಿದ. ಅಂದಿನ ಪಟ್ಟಣದ ನವರಾತ್ರಿ ವೈಭವಕ್ಕೆ ಸಾಕ್ಷಿಯಾದ ಈ ಕಾವ್ಯ ಇರುವುದು ಸಾಂಗತ್ಯದಲ್ಲಿ. ಸಾಂಗತ್ಯದ ಒಂದು ಪದ್ಯಕ್ಕೆ ಶಾಸ್ತ್ರದ ಪ್ರಕಾರ ಹನ್ನೆರಡು ವಿಷ್ಣುಗಣ, ಎರಡು ಬ್ರಹ್ಮಗಣ. ಎಂಟನ್ನು ಹನ್ನೆರಡು ಸಲ, ನಾಲ್ಕನ್ನು ಎರಡು ಸಲ ಗುಣಿಸಿದರೆ 1,09,951 ಕೋಟಿ 16 ಲಕ್ಷ 27 ಸಾವಿರದ 776 ರೂಪಗಳು. ಕವಿಗೆ ಸಿಕ್ಕ ಬಯಲು ಅಷ್ಟು ದೊಡ್ಡದು!

ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಮನೆತನದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರು ವಿಶ್ವವಿದ್ಯಾನಿಲಯದ 'ಕನ್ನಡ ಕೈಪಿಡಿ'ಯಲ್ಲಿ ಕನ್ನಡ ಛಂದಸ್ಸಿನ ಚರಿತ್ರೆಯನ್ನು ಬರೆದರು. ಹಳೆಯ ಲೆಕ್ಕ ಬಲ್ಲ ಅವರೇ 'ಇಂಗ್ಲಿಷ್ ಗೀತಗಳು' ಮೂಲಕ ಹೊಸ ಕಾವ್ಯಕ್ಕೆ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ಬಗೆಯಲ್ಲಿ ಜೋಡಿಸಿ ತೋರಿಸಿದ್ದು ಗಮನಾರ್ಹ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ. ನರಸಿಂಹಾಚಾರ್, ಕೆ.ಆರ್. ಪೇಟೆ ತಾಲ್ಲೂಕಿನ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಆ ದಾರಿಯಲ್ಲಿ ನಡೆದವರು. 1942ರಲ್ಲಿ ಬಂದ 'ಮೈಸೂರು ಮಲ್ಲಿಗೆ' ಮನೆಮನೆಯ ಹಾಡಾಗಲು ಅದರ ಲಯವೂ ಒಂದು ಕಾರಣ.

ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯವರೇ ಆದ ಎಚ್.ಎಲ್. ನಾಗೇಗೌಡರು ಜನಪದ ಗೀತೆಗಳನ್ನು ಹುಡುಕಿ ಸಂಗ್ರಹಿಸಿದವರು, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದವರು. ಬೀಸುವ ಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ತ್ರಿಪದಿಗೆ ಹನ್ನೊಂದು ಗಣ. ಆರನೆಯದು, ಹತ್ತನೆಯದು ಬ್ರಹ್ಮ, ಉಳಿದವು ವಿಷ್ಣು. ಒಟ್ಟು ಸಾಧ್ಯತೆ 214 ಕೋಟಿ 74 ಲಕ್ಷ 83 ಸಾವಿರದ 648. ಅಧ್ವದ ಲೆಕ್ಕ ಹಾಕಿದರೆ ಇದರ ಪ್ರಸ್ತಾರ ಭೂಮಿಯನ್ನು ಎರಡು ಸುತ್ತು ಸುತ್ತೀತು. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ತ್ರಿಪದಿ ಕಾಣಿಸುತ್ತದೆ. ಅಂದರೆ ಮಟ್ಟು ಮೊದಲು, ಶಾಸ್ತ್ರ ಆಮೇಲೆ. ರಾಗಿ ಬೀಸುತ್ತಾ ಹಾಡಿದವರಿಗೆ ಬ್ರಹ್ಮ, ವಿಷ್ಣುಗಳ ಪಟ್ಟಿ ಬೇಕಿರಲಿಲ್ಲ. ಕಲ್ಲಿನ ಸುತ್ತು, ಉಸಿರು, ಕಿವಿ ಇವೇ ತಪ್ಪನ್ನು ತಿದ್ದುತ್ತಿದ್ದವು. ನಾಗವರ್ಮ ಮಾಡಿದ್ದು ಅವರ ಬಾಯಲ್ಲಿದ್ದ ಲೆಕ್ಕವನ್ನು ಓಲೆಗೆ ಇಳಿಸುವ ಕೆಲಸ.

ಹೆಮ್ಮೆಗೂ ಒಂದು ಎಲ್ಲೆ

ಪಿಂಗಳನೇ ಗಣಕಯಂತ್ರದ ಪಿತಾಮಹ ಎಂಬ ಮಾತು ಆಗಾಗ ವೇದಿಕೆಗಳಲ್ಲಿ ಕೇಳಿಬರುತ್ತದೆ. ಇದು ಅತ್ಯುಕ್ತಿ. ಪಿಂಗಳನಿಗೆ ಬೇಕಿದ್ದುದು ವೃತ್ತಗಳ ಪಟ್ಟಿ. ಗುರು-ಲಘುಗಳನ್ನು ಆತ ಕೂಡಲಿಲ್ಲ, ಕಳೆಯಲಿಲ್ಲ. ಸೊನ್ನೆ, ಒಂದು ಎಂಬ ಎರಡೇ ಅಂಕೆಗಳಲ್ಲಿ ಕೂಡುವ, ಗುಣಿಸುವ ಕ್ರಮವನ್ನು ಜರ್ಮನಿಯ ಲೈಬ್ನಿಟ್ಸ್ 1703ರಲ್ಲಿ ಪ್ರಕಟಿಸಿದ. ಗಣಕಯಂತ್ರ ಹಿಡಿದದ್ದು ಆ ದಾರಿಯನ್ನು. ಆದರೆ ಎರಡೇ ಗುರುತುಗಳ ಸಾಲಿಗೂ ಸಂಖ್ಯೆಗೂ ನಂಟು ಹಾಕಿ, ಒಂದರಿಂದ ಇನ್ನೊಂದಕ್ಕೆ ಹೋಗಿಬರುವ ದಾರಿ ಭಾರತದ ಛಂದಸ್ಸಿನಲ್ಲಿ ಬಹಳ ಹಿಂದೆಯೇ ಇತ್ತು ಎಂಬುದನ್ನು ಅಮೆರಿಕದ ಸಂಸ್ಕೃತ ವಿದ್ವಾಂಸ ಬಿ. ವಾನ್ ನೂಟೆನ್ 1993ರ ಲೇಖನವೊಂದರಲ್ಲಿ ವಿವರಿಸಿದ್ದಾರೆ. ಇದ್ದದ್ದನ್ನು ಇದ್ದಷ್ಟೇ ಹೇಳಿದರೂ ಅದು ಸಣ್ಣ ಸಾಧನೆಯೇನಲ್ಲ.

ಚಿಂತಿಸಬೇಕಾದ ವಿಷಯ ಬೇರೆ ಇದೆ. ಕನ್ನಡ ತರಗತಿಯಲ್ಲಿ ಪ್ರಸ್ತಾರವೆಂದರೆ ಗುರುತು ಹಾಕುವುದು. ಗಣಿತದ ತರಗತಿಯಲ್ಲಿ ಕ್ರಮಯೋಜನೆ, ವಿಕಲ್ಪಗಳ ಪಾಠ ಬಂದಾಗ ನಾಣ್ಯ ಚಿಮ್ಮುವ ಉದಾಹರಣೆ ಬರುತ್ತದೆ, ಗಣಗಳ ನೆನಪು ಬರುವುದಿಲ್ಲ. ಮಹಾವೀರಾಚಾರ್ಯನ ಪುಸ್ತಕದಲ್ಲಿ ಒಟ್ಟಿಗಿದ್ದ ಎರಡು ವಿದ್ಯೆಗಳು ಈಗ ಎರಡು ಪೀರಿಯಡ್ಡುಗಳಾಗಿ ಒಂದನ್ನೊಂದು ಗುರುತಿಸದೆ ಕುಳಿತಿವೆ. ವಿಷ್ಣುಗಣ ಎಂಟು ಎಂದು ಉರುಹೊಡೆದ ಹುಡುಗಿಗೆ ಎಂಟೇ ಏಕೆ ಎಂದು ತಿಳಿಯಬೇಕಾದರೆ ಹೆಚ್ಚು ಸಮಯವೂ ಬೇಡ, ಹೊಸ ಪುಸ್ತಕವೂ ಬೇಡ. ಕರಿಹಲಗೆಯ ಮೇಲೆ 'ಗಗಗ' ಎಂದು ಬರೆದು, ಮೊದಲ ಗುರುವಿನ ಕೆಳಗೆ ಲಘು ಬರೆಯಲು ಹೇಳಿದರೆ ಸಾಕು. ಉಳಿದ ಏಳು ಸಾಲುಗಳನ್ನು ಆಕೆಯೇ ಬರೆದುಕೊಳ್ಳುತ್ತಾಳೆ.